ಅವ್ವನ ದವಡೆ ಹಲ್ಲು

ನಮ್ಮಪ್ಪನ ಬಾಯಲ್ಲಿ ಒಂದು ಹಲ್ಲಿದೆ. ಮೈಸೂರಿನ ಏಸಿ ಹಾಕಿದ ಕ್ಲಿನಿಕ್ಕಿಗೆ ನಾಲ್ಕು ಸಲ ಕಾರು ಮಾಡಿಕೊಂಡು ಹೋಗಿ, ರೂಟ್ ಕೆನಾಲ್ ಮಾಡಿಸಿ, ಮೇಲೊಂದು ಕ್ಯಾಪ್ ಕೂರಿಸಿಕೊಂಡು ಬಂದ ಹಲ್ಲು. ಎರಡು ವರ್ಷವಾಯಿತು. ಮನೆಗೆ ಯಾರೇ ಬರಲಿ, ಎಲೆಯಡಿಕೆ ತಟ್ಟೆ ಮುಂದಿಟ್ಟು, ಬಾಯಿ ಅಗಲಿಸಿ, ಉಗುರಿನಿಂದ ಅದನ್ನು ಟಕಟಕ ಬಡಿದು ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಚಲುವಯ್ಯನ ಹಲ್ಲು ಎಂದರೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ನಮ್ಮವ್ವನ ಬಾಯಲ್ಲಿ ಆ ಜಾಗ ಖಾಲಿ. ನಾನು ಹುಟ್ಟಿದ ಮೇಲೆ ಒಂದು, ತಮ್ಮ ಹುಟ್ಟಿದ ಮೇಲೆ ಎರಡು, ಹೀಗೆ ಎಡಗಡೆಯ ದವಡೆ ಹಲ್ಲುಗಳೆಲ್ಲ ಹೋದವು. ನೋವು ತಡೆಯಲಾಗದೇ ಹೋದಾಗ ಬೆಳಗಿನ ಬಸ್ಸಿಗೆ ಹೋಗಿ ಕೀಳಿಸಿಕೊಂಡು, ಹಾಲು ಕರೆಯುವ ಹೊತ್ತಿಗೆ ವಾಪಸು ಬರುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡೇ ಕರು ಬಿಡುತ್ತಿದ್ದಳು. ಇದನ್ನೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನೋಡಿಯೂ ಏನೂ ಅನ್ನಿಸದೆ ಬೆಳೆದಿದ್ದೇನೆ. ಈ ಸಲ ಪಕ್ಷದ ಹಬ್ಬಕ್ಕೆ ತವರಿಗೆ ಹೋದಾಗ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಮೈಯೆಲ್ಲ ಉರಿಯಿತು.

ನಮ್ಮೂರು ಹುಣಸೂರಿನ ಹತ್ತಿರ, ಕಟ್ಟೆಮಳಲವಾಡಿಯ ಪಕ್ಕ. ಅಪ್ಪನದು ಹೊಗೆಸೊಪ್ಪಿನ ಬೇಸಾಯ. ಪಕ್ಷ ಬರುವ ಕಾಲಕ್ಕೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ ಅನ್ನುವ ಎತ್ತರದ ಕಟ್ಟಡಕ್ಕೆ ತುಂಬಿ ಬೆಂಕಿ ಹಾಕಿ ಬೇಯಿಸುವುದು, ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತದೆ. ಹಬ್ಬದ ದಿನ ಮಾತ್ರ ಕೆಲಸ ನಿಲ್ಲಿಸಿ, ಹಿರಿಯರಿಗೆ ಎಡೆ ಇಟ್ಟು, ಮಾಂಸದೂಟ ಮಾಡುತ್ತಾರೆ. ಎಲ್ಲರೂ ಉಂಡೆದ್ದ ಮೇಲೆ ಅವ್ವ ಕೂತಳು. ನಾನು ಪಕ್ಕದಲ್ಲೇ ಇದ್ದೆ. ಮುದ್ದೆ ಖಾಲಿಯಾಯಿತು, ಸಾರೂ ಖಾಲಿಯಾಯಿತು, ಮಾಂಸದ ತುಂಡುಗಳು ಮಾತ್ರ ತಟ್ಟೆಯ ಅಂಚಿಗೆ ಸರಿದು ಹಾಗೇ ಉಳಿದವು. ಬಲಗೆನ್ನೆ ಊದಿತ್ತು.

"ಯಾಕವ್ವಾ, ತುಂಡು ತಿನ್ನಲ್ವಾ?" ಎಂದೆ.

"ಉಂಡೆ ಬುಡಮ್ಮಿ."

"ಎಲ್ಲಿ, ಬಾಯಿ ತೆಗಿ."

ಒಲ್ಲೆ ಎಂದಳು. ನಾನು ಬಿಡಲಿಲ್ಲ. ಬಲಗಡೆ ಕೊನೆಯ ದವಡೆ ಹಲ್ಲಿನ ಸಂದಿಗೆ ಒಂದು ಚಿಟಿಕೆ ಹೊಗೆಸೊಪ್ಪು ತುರುಕಿಕೊಂಡಿದ್ದಳು. ನೋವಿಗೆ ನಮ್ಮ ಕಡೆ ಹೆಂಗಸರು ಮಾಡಿಕೊಳ್ಳುವ ಔಷಧಿ ಅದು. ಅವ್ವ ಅಗಿಯಬೇಕೆಂದರೆ ಉಳಿದಿದ್ದದ್ದು ಅದೊಂದೇ ಜಾಗ. ಆ ಹಲ್ಲೂ ಹೋದರೆ ಐವತ್ತೆರಡನೇ ವಯಸ್ಸಿಗೆ ಅವಳಿಗೆ ಒಂದು ತುಂಡು ಮಾಂಸವಿಲ್ಲ, ಒಂದು ಹಿಡಿ ಹುರಿಗಡಲೆಯಿಲ್ಲ.

ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪನಿಗೆ ಹೇಳಿದೆ.

"ಅದ್ಕೇನು, ಸರ್ಕಾರಿ ಆಸ್ಪತ್ರೇಲಿ ಕಿತ್ತಾಕ್ತಾರೆ," ಎಂದ. "ಐದ್ ನಿಮಿಸದ ಕೆಲ್ಸ."

"ಕೀಳ್ಸೋದ್ಯಾಕೆ? ನೀನು ಮಾಡಿಸ್ಕೊಂಡಂಗೆ ಅವಳಿಗೂ ರೂಟ್ ಕೆನಾಲ್ ಮಾಡ್ಸು."

"ಮುದ್ದೆ ಉಣ್ಣೋಳಿಗೆ ಅಲ್ಲು ಯಾಕಮ್ಮಿ? ಅಗಿಯದೇನೈತೆ ಅದ್ರಲ್ಲಿ, ನುಂಗೋದು ತಾನೆ."

ತಮಾಷೆಗೆ ಅಂದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಎಪ್ಪತ್ತು ಸಲ ಯೋಚನೆ ಮಾಡಿ ಕಂಡುಕೊಂಡ ಸತ್ಯದ ಹಾಗೆ ಹೇಳಿದ.

"ನೀನು ಉಣ್ಣೋದೂ ಮುದ್ದೇನೇ ಅಲ್ವಾ? ಮತ್ತೆ ನಿಂಗ್ಯಾಕಪ್ಪಾ ಮೈಸೂರಿನ ಹಲ್ಲು?"

"ನಾನು ಎಲೆಡ್ಕೆ ಆಕ್ಕೋತೀನಲ್ಲ," ಎಂದ ನಮ್ಮಪ್ಪ, ಎಲೆ ಮಡಚಿ ಬಾಯಿಗಿಟ್ಟುಕೊಳ್ಳುತ್ತಾ.

ಆಮೇಲೆ ನಾನು ಏನೇನು ಅಂದೆನೋ ನನಗೆ ನೆನಪಿಲ್ಲ, ಕೇಳಿಸಿಕೊಂಡ ಪಕ್ಕದ ಮನೆಯವರಿಗೆ ನೆನಪಿರಬಹುದು. ಸರ್ಕಾರಿ ಆಸ್ಪತ್ರೆಯ ಹೆಸರೆತ್ತಬೇಡ ಎಂದೆ. ಹುಣಸೂರಿನಲ್ಲಿ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹನ್ನೊಂದು ವರ್ಷದಿಂದ ಜನ ಒಂದು ಕಾಗದಕ್ಕೆ ಐದು ಸಲ ಅಲೆಯುವುದನ್ನು ಕೌಂಟರಿನಲ್ಲಿ ನಿಂತು ನೋಡುತ್ತಿದ್ದೇನೆ. ಸರ್ಕಾರಿ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಜಂಬ ನನಗೆ. ಅಲ್ಲಿ ಕೀಳುವುದೊಂದೇ ಗೊತ್ತು, ಉಳಿಸಬೇಕೆಂದರೆ ಪ್ರೈವೇಟೇ ಆಗಬೇಕು, ನಾಳೆಯೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ನಾಳೆ ಬ್ಯಾರನ್ ತುಂಬ್ಬೇಕು. ಸೊಪ್ಪು ಕಟ್ಟೋರು ಯಾರು?" ಎಂದ ಅಪ್ಪ.

"ಎಲೆಡ್ಕೆ ಆಕ್ಕೊಳ್ಳೋರು ಕಟ್ಲಿ."

ಅವ್ವ ಒಳಗಿಂದ, "ಅಬ್ಬದ ದಿವ್ಸ ಯಾಕಿಂಗೆ ಬಾಯ್ ಮಾಡ್ತೀರಿ?" ಎಂದಳು. ಅಷ್ಟೇ ಅವಳು ಆಡಿದ ಮಾತು. ನಾನೂ ಅಪ್ಪನೂ ಅವಳ ಹಲ್ಲಿನ ವಿಷಯಕ್ಕೆ ಇನ್ನೂ ಒಂದು ಗಂಟೆ ಜಗಳವಾಡಿದೆವು.

ಮಾರನೆಯ ದಿನ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹುಣಸೂರಿನ ಮಂದಹಾಸ ದಂತ ಚಿಕಿತ್ಸಾಲಯದಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನು, ಗೋಡೆಯ ಮೇಲೆ ಮೂವತ್ತೆರಡೂ ಹಲ್ಲು ತೋರಿಸುತ್ತಾ ನಗುವ ಹುಡುಗಿಯರ ಪಟಗಳು. ಅವ್ವ ಚಪ್ಪಲಿಯನ್ನು ಹೊರಗೆ ಬಿಟ್ಟು, ಸೋಫಾದ ತುದಿಯಲ್ಲಿ ಅರ್ಧ ಕೂತಳು. ಡಾಕ್ಟರ್ ಚೇತನ್ ಕುಮಾರ್ ಎಕ್ಸ್‌ರೇ ತೆಗೆಸಿ, ಕಂಪ್ಯೂಟರಿನಲ್ಲಿ ಬಹಳ ಹೊತ್ತು ನೋಡಿದರು.

"ಇದನ್ನ ಯಾರೋ ಆಗಲೇ ಓಪನ್ ಮಾಡಿದಾರಲ್ಲ," ಎಂದರು. "ಬೇರು ಕ್ಲೀನ್ ಮಾಡಿ, ಔಷಧಿ ಇಟ್ಟು, ಟೆಂಪರರಿ ಫಿಲ್ಲಿಂಗ್ ಹಾಕಿದಾರೆ. ಅದು ಬಿದ್ದುಹೋಗಿದೆ. ಎಲ್ಲಿ ಮಾಡಿಸಿದ್ರಿ?"

ನಾನು, ಎಲ್ಲೂ ಇಲ್ಲ, ನಿಮಗೆ ಬೇರೆಯವರ ಫೋಟೋ ಸಿಕ್ಕಿರಬೇಕು ಎಂದೆ.

ಕುರ್ಚಿಯಲ್ಲಿ ಒರಗಿದ್ದ ಅವ್ವ ಸೂರು ನೋಡುತ್ತಾ ಹೇಳಿದಳು. "ನಾನೇ ಓಗಿದ್ದೆ. ಸರ್ಕಾರಿ ಆಸ್ಪತ್ರೆಗೆ. ಎಲ್ಡ್ ಸಲ."

ಯಾವಾಗ, ಯಾರ ಜೊತೆ, ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಆಸಾಡ್ದಲ್ಲಿ," ಎಂದಷ್ಟೇ ಹೇಳಿದಳು. ನನಗೆ ಅರ್ಥವಾದದ್ದು ಒಂದೇ. ಆ ಆಸ್ಪತ್ರೆಯವರು ಬಡವರ ಹೆಂಗಸು ಎಂದು ಅರ್ಧ ಕೆರೆದು ಕೈಬಿಟ್ಟಿದ್ದಾರೆ.

ಡಾಕ್ಟರಿಗೆ ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. "ಮಾಡಿರೋ ಕೆಲಸ ಚೆನ್ನಾಗೇ ಇದೆ. ಮಧ್ಯದಲ್ಲಿ ನಿಂತಿದೆ, ಅಷ್ಟೆ. ನಾನು ಮುಂದುವರಿಸಬಹುದು, ಐದು ಸಾವಿರ ಆಗುತ್ತೆ, ಕ್ಯಾಪ್ ಬೇರೆ. ಆದ್ರೆ ಬೇರೆಯವರು ಶುರು ಮಾಡಿದ ಹಲ್ಲಿಗೆ ನಾನು ಗ್ಯಾರಂಟಿ ಕೊಡಲ್ಲ. ಎಲ್ಲಾದ್ರೂ ಮಾಡಿಸಿ, ಈ ವಾರದಲ್ಲೇ ಮಾಡಿಸಿ."

ಹೊರಗೆ ಕೌಂಟರಿನ ಹುಡುಗಿ ಪ್ಲಾಸ್ಟಿಕ್ ಹಾಳೆಯೊಂದನ್ನು ನನ್ನ ಮುಂದಿಟ್ಟಳು. ಕ್ಯಾಪಿನಲ್ಲಿ ಮೂರು ಥರ. ಕೊನೆಯದಕ್ಕೆ ಹದಿನೈದು ವರ್ಷ ಗ್ಯಾರಂಟಿ. ಹಲ್ಲಿಗಿಲ್ಲದ ಗ್ಯಾರಂಟಿ ಟೋಪಿಗೆ ಯಾಕಮ್ಮಾ, ಹಲ್ಲು ಹೋದ ಮೇಲೆ ಟೋಪಿಯನ್ನು ಗೂಟಕ್ಕೆ ನೇತು ಹಾಕೋಣವಾ ಎಂದು ಕೇಳಿದೆ. ಪಾಪ, ಅವಳು ಏನು ಮಾಡಿಯಾಳು, ಡಾಕ್ಟರನ್ನು ಕೇಳಿ ಎಂದಳು. ಎಕ್ಸ್‌ರೇಗೆ ದುಡ್ಡು ಕೊಟ್ಟು ಹೊರಗೆ ಬಂದೆ. ಇವರು ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ ತೋರಿಸುತ್ತಾರೆ, ನಡುವೆ ಅವ್ವನ ಕೆನ್ನೆ ಊದುತ್ತಲೇ ಇದೆ. ಮೊದಲು ಆ ಸರ್ಕಾರಿ ಡಾಕ್ಟರನ್ನು ನಿಲ್ಲಿಸಿ ಕೇಳಿಯೇ ಮುಂದಿನ ಮಾತು ಎಂದು ಸ್ಕೂಟರ್ ತಿರುಗಿಸಿದೆ. ಹಿಂದೆ ಕೂತ ಅವ್ವ, "ಬ್ಯಾಡ ಕಣಮ್ಮಿ, ಅವ್ರು ಒಳ್ಳೇರು," ಎಂದು ಎರಡು ಸಲ ಹೇಳಿದಳು. ಗಾಳಿಗೆ ಕೇಳಿಸದವಳ ಹಾಗೆ ಓಡಿಸಿದೆ.

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗ ಎಂದರೆ ಮೂಲೆಯ ಒಂದು ಕೋಣೆ, ಒಂದು ಕುರ್ಚಿ, ಹೊರಗೆ ಒಂದು ಬೆಂಚು. ಬೆಂಚಿನ ಮೇಲೆ ಆರು ಜನ. ಡಾಕ್ಟರ್ ಪವಿತ್ರ ನನ್ನ ವಯಸ್ಸಿನವರೇ. ನಾನು ಬಾಗಿಲಲ್ಲೇ ನಿಂತು ಶುರು ಮಾಡಿದೆ. ಅರ್ಧ ಮಾಡಿ ಬಿಡೋದಕ್ಕೆ ಇದು ನಿಮಗೆ ಹಲ್ಲೋ ರಸ್ತೆ ಕಾಮಗಾರಿಯೋ ಎಂದೆ. ಅವರು ಸಿಟ್ಟಾಗಲಿಲ್ಲ. ಅವ್ವನ ಮುಖ ನೋಡಿ ಗುರುತು ಹಿಡಿದರು.

"ಸಾಕಮ್ಮ ಅಲ್ವಾ? ಎಲ್ಲಮ್ಮ ಹೋದ್ರಿ ನೀವು?" ಎಂದು ರಿಜಿಸ್ಟರ್ ತೆಗೆದು ನನ್ನ ಕಡೆಗೆ ತಿರುಗಿಸಿದರು. "ನೋಡಿ. ಜುಲೈ ಇಪ್ಪತ್ತೆರಡು ಬಂದಿದಾರೆ. ಇಪ್ಪತ್ತೊಂಬತ್ತು ಬಂದಿದಾರೆ. ಮೂರನೇದಕ್ಕೆ ಆಗಸ್ಟ್ ಹನ್ನೆರಡು ಕೊಟ್ಟಿದ್ದೆ. ಅವತ್ತು ಬಂದಿದ್ರೆ ಮುಗಿದೇ ಹೋಗ್ತಿತ್ತು. ಕೀಳಿ ಅಂತ ಬಂದವರಿಗೆ ನಾನೇ ಉಳಿಸಬಹುದು ಅಂದಿದ್ದೆ. ಎಷ್ಟು ಖುಷಿಪಟ್ಟಿದ್ರು ಗೊತ್ತಾ? ಇದು ಪುಕ್ಕಟೆನಾ ಅಂತ ಮೂರು ಸಲ ಕೇಳಿದ್ರು."

ಆಗಸ್ಟ್ ಹನ್ನೆರಡು. ರಿಜಿಸ್ಟರಿನ ಆ ಖಾಲಿ ಮನೆಯನ್ನು ನೋಡುತ್ತಾ ನಿಂತೆ. ಆ ವಾರ ಯಾವುದೋ ಅರ್ಜಿಗೆ ಕೊನೆಯ ದಿನವಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ಸಿಂಧುವಿಗೆ ಜ್ವರ. ಹನ್ನೆರಡನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಅವ್ವನಿಗೆ ಫೋನ್ ಮಾಡಿ, ತಕ್ಷಣ ಬಾ ಎಂದಿದ್ದೆ. ಅವಳು ಒಂಬತ್ತಕ್ಕೆಲ್ಲ ಬಂದೇ ಬಿಟ್ಟಿದ್ದಳು. ಇಷ್ಟು ಬೇಗ ಹೇಗೆ ಬಂದೆ ಎಂದರೆ, ಬಸ್ ಸ್ಟಾಪಲ್ಲೇ ಇದ್ದೆ ಎಂದಿದ್ದಳು. ಬಸ್ ಸ್ಟಾಪಿನಲ್ಲಿ ಯಾಕಿದ್ದೆ ಎಂದು ನಾನು ಕೇಳಲಿಲ್ಲ. ಮೂರು ದಿನ ಇಟ್ಟುಕೊಂಡೆ. ಅವಳು ಊರಿಗೆ ಹೋಗುವಷ್ಟರಲ್ಲಿ ಸೊಪ್ಪು ಮುರಿಯುವುದು ಶುರುವಾಗಿತ್ತು.

ಅವ್ವ ನನ್ನ ಮುಖ ನೋಡಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದಳು.

ಡಾಕ್ಟರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. "ಈಗಲೂ ಉಳಿಸಬಹುದು. ಮೊದಲಿಂದ ಮಾಡಬೇಕು. ಇವತ್ತೇ ಶುರು ಮಾಡ್ತೀನಿ, ಇನ್ನೂ ಎರಡು ಸಲ ಬರಬೇಕು. ಇಲ್ಲಿ ದುಡ್ಡಿಲ್ಲ. ಕ್ಯಾಪ್ ಮಾತ್ರ ನಾವು ಹಾಕಲ್ಲ, ಹೊರಗೆ ಹಾಕಿಸ್ಬೇಕು. ಆದ್ರೆ ಹೋದ ಸಲದ ಹಾಗೆ ಬಿಟ್ರೆ ಕೀವು ದವಡೆಗೆ ಇಳಿಯುತ್ತೆ. ಬರೋದಾದ್ರೆ ಮಾತ್ರ ಶುರು ಮಾಡೋಣ. ಮೂರು ಸಲ ಬರ್ತೀರಾ?"

"ಒಂದ್ ನಿಮಿಷ ಮೇಡಂ, ನಮ್ಮಪ್ಪನ್ನ ಕೇಳಿಬಿಡ್ತೀನಿ," ಎಂದು ಹೊರಗೆ ಓಡಿದೆ.

ಆಸ್ಪತ್ರೆಯ ಕಾಂಪೌಂಡಿನ ಹೊಂಗೆ ಮರದಡಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ, ಬ್ಯಾರನ್ ಹತ್ತಿರ ಇವ್ನಿ, ಆಮೇಲೆ ಮಾಡು ಎಂದು ಇಟ್ಟ. ಮೂರನೇ ಸಲ ಬಿಡಲಿಲ್ಲ. ಅವ್ವ ಯಾರಿಗೂ ಹೇಳದೆ ಎರಡು ಸಲ ಬಂದು ಹೋಗಿದ್ದಾಳೆ, ನಿನ್ನ ಸೊಪ್ಪಿನ ದೆಸೆಯಿಂದ ಮೂರನೇ ಸಲ ಬರಲಾಗದೆ ಹಲ್ಲು ಕೆಟ್ಟಿದೆ ಎಂದೆ. ಹನ್ನೆರಡನೇ ತಾರೀಕಿನ ಮಾತು ನಾನು ಎತ್ತಲಿಲ್ಲ. ಎತ್ತಿದ್ದರೆ ಜಗಳದಲ್ಲಿ ನನ್ನ ಕೈ ಕೆಳಗಾಗುತ್ತಿತ್ತು. ಅದಕ್ಕೇ ಇನ್ನಷ್ಟು ಜೋರಾಗಿ ಕೂಗಿದೆ. ನಿನ್ನ ಒಂದು ಹಲ್ಲಿಗೆ ನಾಲ್ಕು ಸಲ ಕಾರು ಹೋಯಿತು, ಅವಳ ಹಲ್ಲಿಗೆ ಮೂರು ಸಲ ಬಸ್ಸು ಹತ್ತಲು ಬಿಡಲ್ಲವಾ? ಕಟ್ಟಿದ ಸೊಪ್ಪಿನ ದಾರವನ್ನು ಇಷ್ಟು ವರ್ಷ ಹಲ್ಲಿನಲ್ಲೇ ಕಡಿದು ಹಾಕಿದಳಲ್ಲ, ಆ ಹಲ್ಲು ದುಡಿದದ್ದು ಯಾರಿಗೆ? ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ನಾನು ಲೆಕ್ಕಿಸಲಿಲ್ಲ. ನಿಜ ಹೇಳಬೇಕೆಂದರೆ, ಕೇಳಲಿ ಎಂದೇ ಕೂಗಿದೆ.

ಅಪ್ಪ ಮೊದಲು ರೇಗಿದ. ಆಮೇಲೆ ಕೂಲಿಯವರ ಕಷ್ಟ ಹೇಳಿಕೊಂಡ. ಸೊಪ್ಪು ಹಣ್ಣಾಗಿದೆ, ಎರಡು ದಿನ ತಡವಾದರೆ ಬಣ್ಣ ಹೋಗುತ್ತದೆ ಎಂದ. ನಾನು, ಹೋಗಲಿ ಎಂದೆ. ಕೊನೆಗೆ ಅವನ ದನಿ ಇಳಿಯಿತು.

"ಆಯ್ತು ಕಣವ್ವ," ಎಂದ. "ಮೂರ್ ಸಲ ಅಲ್ದಿದ್ರೆ ನಾಕ್ ಸಲ ಓಗ್ಲಿ. ಕೂಲಿಯೋರ್ನ ಕರುಸ್ಕತೀನಿ. ಕ್ಯಾಪೂ ಆಕ್ಸು, ಚೆನ್ನಾಗಿರೋದ್ನೇ ಆಕ್ಸು."

ಜನ್ಮದಲ್ಲಿ ಮೊದಲ ಸಲ ನಮ್ಮಪ್ಪನ ಬಾಯಿಂದ ಆಯ್ತು ಎಂಬ ಮಾತು ಬರಿಸಿದ್ದೆ. ಇಪ್ಪತ್ತು ನಿಮಿಷ ಹಿಡಿದಿತ್ತು. ಕುಸ್ತಿ ಗೆದ್ದವಳ ಹಾಗೆ ಒಳಗೆ ನುಗ್ಗಿ, "ಶುರು ಮಾಡಿ ಮೇಡಂ, ಒಪ್ಪಿಸಿದೀನಿ," ಎಂದೆ.

ಡಾಕ್ಟರ್ ಕೈಗವಸು ಬಿಚ್ಚುತ್ತಿದ್ದರು. ಅವ್ವ ಕುರ್ಚಿಯಿಂದ ಇಳಿದು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಬಾಯಲ್ಲಿ ಹತ್ತಿ. ಸ್ಟೀಲ್ ಟ್ರೇಯಲ್ಲಿ ಹಲ್ಲು ಇತ್ತು, ಎರಡು ಬೇರಿನ ಇಡೀ ಹಲ್ಲು.

"ಏನ್ ಮೇಡಂ ಇದು? ಉಳಿಯುತ್ತೆ ಅಂದ್ರಲ್ಲ?"

"ನಾನೂ ಎರಡು ಸಲ ಹೇಳಿದೆ," ಎಂದರು ಅವರು. ಅವರ ಮುಖವೂ ಬಾಡಿತ್ತು. "ಕೀಳಿ ಅಂತ ಅವರೇ ಹೇಳಿದ್ರು. ಸಹಿ ಹಾಕಿದಾರೆ ನೋಡಿ. ಮಗಳು ಫೋನ್ ಮುಗಿಸೋದ್ರೊಳಗೆ ಕಿತ್ಬುಡಿ ಅಂದ್ರು. ಹಲ್ಲು ಅವರದು, ನಾನು ಬಲವಂತ ಮಾಡೋಕಾಗಲ್ಲ."

ಅವ್ವನಿಗೆ ಅರ್ಧ ಗಂಟೆ ಹತ್ತಿ ಕಚ್ಚಿಕೊಂಡಿರಬೇಕು, ಮಾತಾಡಬಾರದು ಎಂದು ಹೇಳಿ ಹೊರಗೆ ಕಳಿಸಿದರು. ಬೆಂಚಿನ ಮೇಲೆ ಇಬ್ಬರೂ ಕೂತೆವು. ಅಕ್ಕಪಕ್ಕದವರು ಸ್ವಲ್ಪ ದೂರ ಸರಿದು ಜಾಗ ಮಾಡಿಕೊಟ್ಟರು. ನಾನು ಅತ್ತೆ. ಬೈದೆ. ಅಪ್ಪ ಒಪ್ಪಿದ್ದ ಗೊತ್ತಾ, ಕಾಯೋಕಾಗಲಿಲ್ವಾ ನಿಂಗೆ, ಇಷ್ಟು ಹೊತ್ತು ಯಾರಿಗೋಸ್ಕರ ಗಂಟಲು ಹರಿದುಕೊಂಡೆ ನಾನು ಎಂದೆಲ್ಲ ಕೇಳಿದೆ. ಅವಳು ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದಳು. ಡಾಕ್ಟರ್ ಹೇಳಿದ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಲಿಲ್ಲ. ಆಮೇಲೆ ಎದ್ದು ಹೋಗಿ ಹತ್ತಿ ಉಗಿದು, ನಲ್ಲಿಯಲ್ಲಿ ಕೈ ತೊಳೆದು ಬಂದು ನನ್ನ ಎದುರಿಗೆ ನಿಂತಳು.

"ಮೂರ್ ಸಲ ಬತ್ತೀರಾ ಅಂತ ಆ ಮೇಡಮ್ಮು ಕೇಳಿದ್ದು ನನ್ನ," ಎಂದಳು. ಮರಗಟ್ಟಿದ ತುಟಿಯಿಂದ ಮಾತು ಮೆಲ್ಲಗೆ ಬರುತ್ತಿತ್ತು. "ನೀನು ಓಗಿ ನಿಮ್ಮಪ್ಪನ್ನ ಕೇಳ್ದೆ."

"ಅವನು ಒಪ್ಪಿದನಲ್ಲವ್ವಾ."

"ಇವತ್ತು ಊ ಅಂತಾನೆ. ಬ್ಯಾರನ್ ತುಂಬೋ ದಿನ ಬಂದ್ರೆ ಮರೀತಾನೆ. ಮಗೀಗೆ ಜ್ವರ ಬಂದ್ರೆ ನೀನೂ ಫೋನ್ ಮಾಡ್ತೀಯ. ನಾನು ಬತ್ತೀನಿ. ಅಲ್ಲು ಇನ್ನೊಂದ್ಸಲ ಕೆಡ್ತದೆ, ನೀವಿಬ್ರೂ ಇನ್ನೊಂದ್ಸಲ ಬೀದೀಲಿ ನಿಂತು ಬಾಯ್ ಮಾಡ್ತೀರಿ. ಸಾಕಾಗೋಯ್ತು ನಂಗೆ. ನನ್ನ ಬಾಯಿಗೆ ನೀವ್ಯಾರು ಯಜಮಾನ್ರು?"

ಅವ್ವ ನನ್ನೊಡನೆ ಹಾಗೆ ಮಾತಾಡಿದ್ದೇ ಇಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ನಿಂಗೇನು ಬೇಕಿತ್ತವ್ವಾ?" ಎಂದೆ. ನಿನ್ನೆಯಿಂದ ಇಷ್ಟು ಮಾತಾಡಿದ್ದೆ, ಇದೊಂದನ್ನು ಕೇಳಿರಲಿಲ್ಲ.

"ಉಳೀಬೇಕಾಗಿತ್ತು," ಎಂದಳು. "ಅದ್ಕೇ ತಾನೆ ಯಾರ್ಗೂ ಏಳ್ದೆ ಎಲ್ಡ್ ಸಲ ಬಂದಿದ್ದು."

ಸ್ಕೂಟರ್ ಹತ್ತು ಎಂದು ಕೈ ಹಿಡಿದೆ. ಕೈ ಬಿಡಿಸಿಕೊಂಡು ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತಳು. ನಾನು ಈಚೆ ಬದಿಯಲ್ಲಿ ಸ್ಕೂಟರ್ ಹಿಡಿದುಕೊಂಡು ನಿಂತೆ. ಹತ್ತು ನಿಮಿಷಕ್ಕೆ ಊರ ಕಡೆಯ ಬಸ್ಸು ಬಂತು. ಅವ್ವ ನನ್ನ ಕಡೆ ತಿರುಗದೆ ಹತ್ತಿ ಕಿಟಕಿಯ ಪಕ್ಕ ಕೂತಳು.